ಜಗಳಕ್ಕೊಂದು ಜೊತೆ

ನತಾಶಾ ಅಮೆರಿಕದಿಂದ ಮನೆಗೆ ಬಂದ ಮೊದಲ ಶುಕ್ರವಾರ ಅಪೊಲಿನ್ ಹಂದಿಮಾಂಸ ಮಾಡಿದಳು. ಮಗಳ ಮೇಲಿನ ಪ್ರೀತಿಯೂ ಹೌದು, ಪರೀಕ್ಷೆಯೂ ಹೌದು. ಸೂಪರ್‌ಮಾರ್ಕೆಟ್ಟಿನ ಮೂಲೆಯಲ್ಲಿ ಮುಸ್ಲಿಮರಲ್ಲದವರಿಗೆಂದು ಬೇರೆ ಬಾಗಿಲಿಟ್ಟ ಕೋಣೆಗೆ ತಾನೇ ಹೋಗಿ, ಕೊಬ್ಬು ಹದವಾಗಿದ್ದ ತುಂಡು ಆರಿಸಿ ತಂದಿದ್ದಳು. ಊರಿನ ಬಫಾತ್ ಮಸಾಲೆಪುಡಿ, ಕೈತುಂಬ ಈರುಳ್ಳಿ, ಶುಂಠಿ, ಹಸಿಮೆಣಸು, ಮೇಲಿಷ್ಟು ವಿನೆಗರ್. ಪಕ್ಕದಲ್ಲಿ ಇಡ್ಲಿಯಂಥ ಬಿಸಿಬಿಸಿ ಸನ್ನ. ಎದುರು ಫ್ಲ್ಯಾಟಿನವರಿಗೆ ವಾಸನೆಯಿಂದ ಕಸಿವಿಸಿಯಾಗಬಾರದೆಂದು ಮುಂಬಾಗಿಲಿನ ಸಂದಿಗೆ ಹಳೆಯ ಟವೆಲ್ ಒತ್ತಿದ್ದಳು. ಬಹ್ರೈನಿನ ಸೆಗಯಾದಲ್ಲಿದ್ದ ಆ ಹಳೆಯ ಕಟ್ಟಡಕ್ಕೆ ಬಂದಾಗಿನಿಂದ ಅವಳು ನಡೆಸಿಕೊಂಡು ಬಂದ ಪದ್ಧತಿ ಅದು.

ನತಾಶಾ ಒಂದು ವರ್ಷದಿಂದ ಓದುತ್ತಿದ್ದದ್ದು ನ್ಯೂಯಾರ್ಕ್ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ ಹಂದಿಮಾಂಸ ಮುಟ್ಟದ ಯೆಹೂದಿಗಳು ನಡೆಸುವ ಖಾಸಗಿ ಕಾಲೇಜಿನಲ್ಲಿ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ಜೀವಶಾಸ್ತ್ರ ಎಲ್ಲವನ್ನೂ ಒಂದಿಷ್ಟು ಓದಿ, ಆಮೇಲೆ ಒಂದನ್ನು ಗಟ್ಟಿಯಾಗಿ ಹಿಡಿಯುವ ಓದು. ಇಡೀ ಕಾಲೇಜಿನ ಮಕ್ಕಳನ್ನು ಕೂಡಿಸಿದರೂ ಇವಳು ಕಲಿತ ಇಂಡಿಯನ್ ಶಾಲೆಯ ಒಂದು ಬೆಳಗಿನ ಅಸೆಂಬ್ಲಿಯಷ್ಟಾಗಲಿಕ್ಕಿಲ್ಲ. ಬೇರೆ ಧರ್ಮದ ಮಕ್ಕಳಿಗೂ ಅಲ್ಲಿ ಜಾಗ ಉಂಟು, ಅಂಕ ಒಳ್ಳೆಯದಿದ್ದರೆ ಫೀಸು, ಹಾಸ್ಟೆಲ್ ಎಲ್ಲ ಅವರದೇ. ಬೇರೆಲ್ಲಿಯೂ ಸಿಗದ ಸ್ಕಾಲರ್‌ಶಿಪ್ ಅಲ್ಲಿ ಸಿಕ್ಕಿತು, ಹುಡುಗಿ ಹೊರಟಳು. "ಯಾರ ಕಾಲೇಜಾದ್ರೆ ಎಂತ, ಕಲಿಲಿ" ಎಂದು ಅಪ್ಪ ಯುಸ್ಟೇಸ್ ಆಗ ದೊಡ್ಡ ಮನಸ್ಸಿನಿಂದಲೇ ಹೇಳಿದ್ದ. ಆದರೂ ಸಿತ್ರಾಕ್ಕೆ ಹೋಗುವ ಕಂಪೆನಿ ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ನ್ಯೂಯಾರ್ಕ್" ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತಿದ್ದ. ಪೂರ್ತಿ ಹೇಳಿದ್ದರೆ ಯಾರಾದರೂ ಏನಾದರೂ ಅನ್ನುತ್ತಿದ್ದರೋ ಇಲ್ಲವೋ, ಅದನ್ನು ತಿಳಿಯುವ ಧೈರ್ಯ ಅವನಿಗಿರಲಿಲ್ಲ.

ಈಗ ಊಟದ ಮೇಜಿನ ಸುತ್ತ ಐದು ಜನ. ಯುಸ್ಟೇಸ್ ಸಿತ್ರಾದ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಅಪೊಲಿನ್ ಕ್ಲಿನಿಕ್ಕಿನಲ್ಲಿ ನರ್ಸ್. ಮಗ ರಿಯಾನ್‌ಗೆ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಕೆಲಸ. ಇಸ್ತ್ರಿ ಶರ್ಟು ತೊಡುವುದೇ ಆ ಕೆಲಸದ ಮುಖ್ಯ ಭಾಗ ಎಂದು ಅವನ ಅಪ್ಪನ ಅಭಿಪ್ರಾಯ. ಮತ್ತೊಬ್ಬರು ಯುಸ್ಟೇಸನ ತಾಯಿ ಸೆವ್ರಿನ್ ಬಾಯಿ. ಮಗನಿಗೂ ಸೊಸೆಗೂ ಮೊಮ್ಮಕ್ಕಳಿಗೂ ಅವರು 'ಮಾಂಯ್', ಕೊಂಕಣಿಯ ಅಮ್ಮ. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡುವ ಹಾಗೆ ಮಾಡಿ ನತಾಶಾಳ ಕೈಯನ್ನೇ ನೋಡುತ್ತಿದ್ದರು.

ನತಾಶಾ ಸನ್ನ ಮುರಿದು, ಸಾರಿನಲ್ಲಿ ಅದ್ದಿ, ದೊಡ್ಡದೊಂದು ತುಂಡಿನ ಜೊತೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಮಮ್ಮಿ, ಒಂದು ವರ್ಷ ಇದರದ್ದೇ ಕನಸು. ಅಲ್ಲಿ ಮಾಂಸಕ್ಕೆ ಒಂದು ಕೌಂಟರ್, ಹಾಲಿನದ್ದಕ್ಕೆ ಒಂದು ಕೌಂಟರ್, ಪಾತ್ರೆ ಸಹ ಬೇರೆ ಬೇರೆ. ಇದು ಮಾತ್ರ ಎಲ್ಲಿಯೂ ಇಲ್ಲ. ಇನ್ನೂ ಹಾಕಿ."

"ಹಾಕು, ಹಾಕು" ಎಂದ ಯುಸ್ಟೇಸ್, ತಾನೇ ಸೌಟು ಹಿಡಿದು. ಅವನ ಭುಜ ಅಲ್ಲಿಯವರೆಗೆ ಬಿಗಿದಿದ್ದದ್ದು ಸಡಿಲಾದಾಗಲೇ ಅಪೊಲಿನ್‌ಗೆ ಗೊತ್ತಾದದ್ದು. ಹುಡುಗಿ ನಮ್ಮವಳೇ, ಏನೂ ಬದಲಾಗಿಲ್ಲ ಎಂದು ಎಲ್ಲರಿಗೂ ಸಮಾಧಾನ. ಪಾಪ, ತಪ್ಪು ವಿಷಯದಲ್ಲಿ ಪರೀಕ್ಷೆ ಇಟ್ಟಿದ್ದರು.

ಸೆವ್ರಿನ್ ಬಾಯಿ ದಿನಾ ಸಂಜೆ ತೇರ್ಸ ಮುಗಿಸಿ, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿಸಿ, ದಿವಾನದ ಮೇಲೆ ಕಾಲು ಮಡಚಿ ಕೊಂಕಣಿ ಬೈಬಲನ್ನು ಗಟ್ಟಿಯಾಗಿ ಓದುವವರು. ಎಷ್ಟೋ ವರ್ಷಗಳಿಂದ ಓದುತ್ತಿದ್ದರು, ಎಷ್ಟೋ ವರ್ಷಗಳಿಂದ ಯಾರೂ ಕೇಳುತ್ತಿರಲಿಲ್ಲ. ಎಸಿಯ ಸದ್ದು, ಟಿವಿಯ ಸದ್ದು, ಅದರ ಜೊತೆ ಇದೂ ಒಂದು. ಆ ಸೋಮವಾರ ನತಾಶಾ ಹೋಗಿ ಪಕ್ಕದಲ್ಲಿ ಕುಳಿತಳು.

"ಮಾಂಯ್, ರೆಬೆಕ್ಕ ಮಾಡಿದ್ದು ಸರಿಯಾ?"

ಕುರುಡನಾದ ಇಸಾಕ, ಮೈತುಂಬ ರೋಮವಿದ್ದ ಹಿರಿಯ ಮಗ ಏಸಾವನಿಗೆ ಆಶೀರ್ವಾದ ಕೊಡಬೇಕೆಂದಿದ್ದಾಗ, ತಾಯಿ ರೆಬೆಕ್ಕ ಕಿರಿಯವನ ಕೈಗೆ ಆಡಿನ ಚರ್ಮ ಸುತ್ತಿ, ಅವನನ್ನೇ ಹಿರಿಯನೆಂದು ನಂಬಿಸಿದ ಅಧ್ಯಾಯ ಅದು.

"ನನ್ನ ಹತ್ರ ಕೇಳುದಾ? ಪಾದ್ರಿಗಳ ಹತ್ರ ಕೇಳು."

"ಪಾದ್ರಿಗಳು ಇಲ್ಲ ಇಲ್ಲಿ. ನೀವು ಇದ್ದೀರಿ. ನಮ್ಮ ಕಾಲೇಜಿನಲ್ಲಿ ಹೀಗೆಯೇ ಓದುದು. ಇಬ್ಬಿಬ್ಬರು ಕೂರುದು, ಒಂದೇ ಪುಟ. ಒಬ್ಬಳು ಅರ್ಥ ಹೇಳುದು, ಇನ್ನೊಬ್ಬಳು 'ಅಲ್ಲ' ಅಂತ ಹೇಳುದು. ಹೇಳ್ಲೇಬೇಕು. ಹೌದು ಹೌದು ಅಂತ ತಲೆ ಆಡಿಸಿದ್ರೆ ಪ್ರೊಫೆಸರಿಗೆ ಕೋಪ ಬರ್ತದೆ. ಹವ್ರೂತಾ ಅಂತ ಹೆಸರು ಅದಕ್ಕೆ."

"ಅಷ್ಟು ಫೀಸಿನ ಕಾಲೇಜಿನಲ್ಲಿ ಜಗಳ ಮಾಡ್ಲಿಕ್ಕೆ ಕಲಿಸುದಾ?"

"ಮೇಜು ಬಡಿತಾರೆ ಮಾಂಯ್! ನನ್ನ ಜೊತೆಯ ಹುಡುಗಿ ಬ್ರೂಕ್ಲಿನ್‌ನವಳು, ಒಂದು ಸಲ ನನ್ನ ಕಾಫಿ ಚೆಲ್ಲಿಬಿಟ್ಲು. ಆಮೇಲೆ ಇಬ್ರೂ ಒಟ್ಟಿಗೇ ಊಟಕ್ಕೆ ಹೋದದ್ದು. ಹೇಳಿ ಈಗ, ಗಂಡನಿಗೆ ಮೋಸ ಮಾಡಿದ್ದು ಸರಿಯಾ?"

ಸೆವ್ರಿನ್ ಬಾಯಿ ಪುಟ ತಿರುಗಿಸಿ ಮುಂದಿನ ಅಧ್ಯಾಯ ಓದತೊಡಗಿದರು. ಮರುದಿನ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದವರು ಯಾರೂ ಕೇಳದೆಯೇ ಶುರು ಮಾಡಿದರು.

"ಸರಿ ಅಂತ ನಾನು ಹೇಳುದಿಲ್ಲ. ಆದ್ರೆ ಬಾಯಲ್ಲಿ ಹೇಳಿದ್ರೆ ಕೇಳುವ ಗಂಡನಾದ್ರೆ ಅವಳಿಗೆ ಆಡಿನ ಚರ್ಮ ಯಾಕೆ ಬೇಕಿತ್ತು?"

"ಅವಳು ಒಮ್ಮೆಯಾದ್ರೂ ಬಾಯಲ್ಲಿ ಹೇಳಿದ್ಲಾ ಮಾಂಯ್? ಪುಸ್ತಕದಲ್ಲಿ ಇಲ್ಲ. ಹೇಳಿ ನೋಡ್ಬಹುದಿತ್ತಲ್ಲ?"

"ನಿನಗೆಂತ ಗೊತ್ತುಂಟು ಗಂಡಂದಿರ ವಿಷಯ!"

ಅಪೊಲಿನ್ ತೊಂಡೆಕಾಯಿ ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಅತ್ತೆಗೆ ಇಂಥದ್ದೊಂದು ಅಭಿಪ್ರಾಯ ಇದ್ದೀತೆಂದು ಅವಳು ತಿಳಿದಿರಲಿಲ್ಲ. ಕೇಳಿದವರಾದರೂ ಯಾರು? ಮಾಂಯ್, ಮಾತ್ರೆ ತಕೊಂಡ್ರಾ, ಮಾಂಯ್, ಚಳಿಯಾಗ್ತದಾ, ಎಸಿ ಕಡಿಮೆ ಮಾಡುದಾ. ಎಲ್ಲರೂ ಅವರನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು, ಮಾತಾಡಿಸಿದವರು ಮಾತ್ರ ಕಡಿಮೆ.

ಜೂನ್ ಮುಗಿಯುವುದರೊಳಗೆ ಇದು ದಿನಚರಿಯಾಯಿತು. ಹೊರಗೆ ಬಿಸಿಲು ಕಾರಿನ ಹಿಡಿಕೆ ಮುಟ್ಟಲಾಗದಷ್ಟು. ಒಳಗೆ ಅಜ್ಜಿ ಮೊಮ್ಮಗಳು. ಅಬ್ರಹಾಮನು ಮಗನನ್ನು ಬಲಿ ಕೊಡಲು ಹೊರಟಾಗ ಹೆಂಡತಿಯನ್ನು ಒಂದು ಮಾತು ಕೇಳಿದನೇ? ಯೋಬನ ಸತ್ತ ಮಕ್ಕಳ ಬದಲಿಗೆ ದೇವರು ಬೇರೆ ಮಕ್ಕಳನ್ನು ಕೊಟ್ಟರೆ ಲೆಕ್ಕ ಸರಿಹೋಯಿತೇ? "ಹೋಗಲಿಲ್ಲ!" ಎಂದು ಸೆವ್ರಿನ್ ಬಾಯಿ ದಿವಾನದ ಹಿಡಿಕೆ ಬಡಿಯುತ್ತಿದ್ದರು. "ಹೆತ್ತವಳ ಹತ್ರ ಕೇಳ್ಬೇಕು ಅದನ್ನು!" ಊಟ ಎರಡು ತುತ್ತು ಹೆಚ್ಚಾಗಿತ್ತು. ಮಂಡಿನೋವಿನ ಮಾತು ನಿಂತಿತ್ತು.

ಒಮ್ಮೆ ಯುಸ್ಟೇಸ್ ಬಾಗಿಲಲ್ಲಿ ಬೂಟು ಬಿಚ್ಚುತ್ತ ಕೇಳಿದ: "ಎಂತ ಮಾಂಯ್, ಹುಡುಗಿ ನಿಮ್ಮನ್ನು ಆ ಧರ್ಮಕ್ಕೆ ಸೇರಿಸ್ತಾಳಾ?"

"ನಮ್ಮ ಸ್ವಾಮಿ ಜೇಸು ಯಾವ ಧರ್ಮದಲ್ಲಿ ಹುಟ್ಟಿದ್ದು, ಮಾರಾಯ? ಅವರ ಅಮ್ಮ ಮರಿಯಮ್ಮ ಮಂಗಳೂರಿನವರಾ?"

ರಿಯಾನ್ ನಕ್ಕ. ಯುಸ್ಟೇಸ್ ನಗಲಿಲ್ಲ.

ಕೇಳುವ ಚಾಳಿ ಬೈಬಲಿನೊಳಗೇ ಇದ್ದಿದ್ದರೆ ಸರಿಹೋಗುತ್ತಿತ್ತೇನೋ. ಅದು ಪುಸ್ತಕ ಬಿಟ್ಟು ಇಳಿದು ಊಟದ ಮೇಜಿಗೆ ಬಂತು. ಒಂದು ರಾತ್ರಿ ಊಟವಾದ ಮೇಲೆ ರಿಯಾನ್ ಎಂದಿನಂತೆ ಬಟ್ಟಲನ್ನು ಅಲ್ಲೇ ಬಿಟ್ಟು ಮೊಬೈಲ್ ಹಿಡಿದು ಎದ್ದ.

"ರಿಯಾನ್, ಆ ಬಟ್ಟಲು ಯಾರು ತೊಳಿಬೇಕು?" ಸೆವ್ರಿನ್ ಬಾಯಿಯ ಸ್ವರ.

"ಮಮ್ಮಿ ತೊಳಿತಾರಲ್ಲ ಮಾಂಯ್."

"ಯಾಕೆ?"

"ಯಾಕೆ ಅಂದ್ರೆ... ಯಾವಾಗ್ಲೂ ಅವರೇ ಅಲ್ವಾ?"

"ಅದು ಕಾರಣ ಅಲ್ಲ, ಅಭ್ಯಾಸ. ಕಾರಣ ಹೇಳು. ಅವಳೂ ಡ್ಯೂಟಿಗೆ ಹೋಗಿ ಬಂದವಳು, ನೀನೂ ಡ್ಯೂಟಿಗೆ ಹೋಗಿ ಬಂದವನು."

ರಿಯಾನ್ ಮೊಬೈಲ್ ಮೇಜಿನ ಮೇಲಿಟ್ಟು ಬಟ್ಟಲು ಎತ್ತಿಕೊಂಡ. ಇಸ್ತ್ರಿ ಶರ್ಟಿನ ತೋಳು ಮಡಚಿ ಸಿಂಕಿನ ಕಡೆ ನಡೆದ. ಸೆವ್ರಿನ್ ಬಾಯಿ ಈಗ ಮಗನ ಕಡೆ ತಿರುಗಿದರು. ಯುಸ್ಟೇಸ್ ಅಷ್ಟರಲ್ಲೇ ತನ್ನ ಬಟ್ಟಲು ಎತ್ತಿಕೊಂಡಿದ್ದ, ಮುಖ ಮಾತ್ರ ಕೆಂಪೇರಿತ್ತು. ನತಾಶಾ ಅಜ್ಜಿಗೆ ಕಣ್ಣು ಹೊಡೆದದ್ದನ್ನು ಅವನು ನೋಡಿದ್ದ.

ಕೋಣೆಯಲ್ಲಿ ಅವನು ಅಪೊಲಿನ್‌ಗೆ ಹೇಳಿದ: "ಕಲಿಲಿಕ್ಕೆ ಕಳಿಸಿದ್ದು ಒಬ್ಬಳನ್ನು. ಹಾಳಾದದ್ದು ಇಬ್ಬರು."

"ಮಾಂಯ್ ಖುಷಿಯಲ್ಲಿದ್ದಾರೆ. ಇರ್ಲಿ ಬಿಡಿ."

"ನಿನಗೆ ಬಟ್ಟಲು ತೊಳಿಯುದು ತಪ್ಪಿತಲ್ಲ, ನೀನು ಹಾಗೇ ಹೇಳುದು."

ಅಪೊಲಿನ್ ಸುಮ್ಮನಾದಳು. ಆ ಮನೆಯಲ್ಲಿ ಸುಮ್ಮನಾಗುವುದು ಅವಳ ಪಾಲಿನ ಕೆಲಸವಾಗಿತ್ತು, ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು. ಅತ್ತೆಗೆ ಎದುರು ಮಾತಾಡಿದವಳಲ್ಲ, ಗಂಡನಿಗೂ ಅಷ್ಟೇ.

ಜುಲೈಯ ಒಂದು ಗುರುವಾರ ಸಂಜೆ ವಾರ್ಡಿನ ಪ್ರಾರ್ಥನೆ ಅವರ ಮನೆಯಲ್ಲಿ. ಮಂಗಳೂರು ಕಡೆಯ ಹತ್ತಾರು ಕುಟುಂಬಗಳು ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಸೇರಿ ತೇರ್ಸ ಹೇಳಿ, ಬೈಬಲಿನ ಒಂದು ಭಾಗ ಓದಿ, ತಿಂಡಿ ತಿಂದು ಹೋಗುವ ಕ್ರಮ. ವಾರ್ಡಿನ ಮುಖ್ಯಸ್ಥ ಎಡ್ಮಂಡ್ ಓದಿದ ಭಾಗದ ಅರ್ಥ ವಿವರಿಸುತ್ತಾನೆ. ವಿವರಿಸಿ ಕೊನೆಗೆ "ಯಾರಿಗಾದ್ರೂ ಡೌಟ್ ಉಂಟಾ?" ಎಂದು ಕೇಳುತ್ತಾನೆ. ಅದು ತಿಂಡಿ ತರಬಹುದು ಎಂಬ ಸೂಚನೆ. ಯಾರಿಗೂ ಯಾವತ್ತೂ ಡೌಟ್ ಇದ್ದದ್ದಿಲ್ಲ. ಅಪೊಲಿನ್ ಕಟ್ಲೆಟ್ ತಟ್ಟೆ ಹಿಡಿದು ಬಾಗಿಲಲ್ಲಿ ತಯಾರಾಗಿ ನಿಂತಿದ್ದಳು.

ಆ ದಿನ ಓದಿದ್ದು ದಾರಿತಪ್ಪಿದ ಮಗನ ಕಥೆ. ಆಸ್ತಿಯ ಪಾಲು ಹಾಳುಮಾಡಿ ಬರಿಗೈಯಲ್ಲಿ ಮರಳಿದ ಕಿರಿಯ ಮಗನಿಗೆ ಅಪ್ಪ ಕೊಬ್ಬಿದ ಕರು ಕಡಿಸಿ ಔತಣ ಮಾಡಿಸುತ್ತಾನೆ, ಮನೆಯಲ್ಲೇ ದುಡಿದ ಹಿರಿಯ ಮಗ ಸಿಟ್ಟಾಗಿ ಒಳಗೆ ಬರುವುದಿಲ್ಲ. ಹಿರಿಯವನ ಹೊಟ್ಟೆಕಿಚ್ಚು ನಮಗೆ ಬಾರದಿರಲಿ ಎಂದು ಎಡ್ಮಂಡ್ ಮುಗಿಸಿದ.

"ಯಾರಿಗಾದ್ರೂ ಡೌಟ್ ಉಂಟಾ?"

"ನನಗೊಂದು ಉಂಟು" ಎಂದರು ಸೆವ್ರಿನ್ ಬಾಯಿ.

ಜನ ತಿರುಗಿ ನೋಡಿದರು.

"ಆ ದೊಡ್ಡ ಮಗ ಗದ್ದೆಯಲ್ಲಿದ್ದ. ಮನೆಯ ಹತ್ರ ಬರುವಾಗ ವಾದ್ಯದ ಸದ್ದು ಕೇಳಿ, ಎಂತ ವಿಶೇಷ ಅಂತ ಆಳಿನ ಹತ್ರ ಕೇಳಿದ. ಅಲ್ವಾ? ಹಾಗಾದ್ರೆ ಅವನನ್ನು ಊಟಕ್ಕೆ ಯಾರೂ ಕರಿಲೇ ಇಲ್ಲ. ಕರುವನ್ನು ಕಡಿಲಿಕ್ಕೆ ಜನ ಇದ್ರು, ಗದ್ದೆಗೆ ಒಬ್ಬನನ್ನು ಓಡಿಸ್ಲಿಕ್ಕೆ ಜನ ಇರ್ಲಿಲ್ವಾ?"

"ಇಲ್ಲ ಮಾಂಯ್" ಎಂದು ನತಾಶಾ ನೆಲದಿಂದಲೇ ಎದ್ದಳು. "ಅಪ್ಪ ತಾನೇ ಹೊರಗೆ ಬಂದು ಕರೆದನಲ್ಲ!"

"ಊಟ ಶುರುವಾದ ಮೇಲೆ!"

"ಬಂದನಲ್ಲ! ಎಷ್ಟು ಅಪ್ಪಂದಿರು ಬರ್ತಾರೆ?"

"ಮನೆಯಲ್ಲೇ ಇದ್ದವನನ್ನು ಮರಿಯುದು ಸುಲಭ, ಅದನ್ನು ಹೇಳು ನೀನು!" ಸೆವ್ರಿನ್ ಬಾಯಿ ಟೀಪಾಯಿ ಬಡಿದರು. ಅದರ ಮೇಲಿದ್ದ ಮೊಂಬತ್ತಿ ಅಲುಗಿತು. ಇಬ್ಬರ ಕಣ್ಣೂ ಹೊಳೆಯುತ್ತಿತ್ತು. ನೋಡುವವರಿಗೆ ಅದು ಕೈಕೈ ಮಿಲಾಯಿಸುವ ಹಂತದ ಜಗಳ. ಅವರಿಬ್ಬರಿಗೆ ಮಾತ್ರ ಅದು ಹಬ್ಬ.

ಎಡ್ಮಂಡ್ ಬೈಬಲ್ ಮುಚ್ಚಿದ. "ಯುಸ್ಟೇಸ್, ಯೆಹೂದಿಗಳ ಕಾಲೇಜಿನಲ್ಲಿ ಇದನ್ನೇ ಕಲಿಸುದಾ? ನಮ್ಮ ಸ್ವಾಮಿ ಹೇಳಿದ ಕಥೆಯಲ್ಲೇ ತಪ್ಪು ಹುಡುಕ್ಲಿಕ್ಕೆ?"

"ತಪ್ಪು ಹುಡುಕಿದ್ದಲ್ಲ ಅಂಕಲ್, ಪ್ರೀತಿ ಇದ್ದದ್ದಕ್ಕೇ ಕೇಳುದು" ಎಂದಳು ನತಾಶಾ. ಅವನು ಕೇಳಿಸಿಕೊಳ್ಳಲಿಲ್ಲ. ಅವನ ಹೆಂಡತಿ ಟೀನಾ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಕಟ್ಲೆಟ್ ಬಹಳ ಉಳಿಯಿತು.

ಅತಿಥಿಗಳು ಇಳಿದುಹೋದ ಲಿಫ್ಟಿನ ಸದ್ದು ನಿಲ್ಲುವವರೆಗೆ ಯುಸ್ಟೇಸ್ ಕಾದ.

"ಮುಗೀತು. ಇನ್ನು ಆ ಕಾಲೇಜು ಬೇಡ. ಇಲ್ಲೇ ಬಹ್ರೈನಿನಲ್ಲಿ ಎಷ್ಟು ಕಾಲೇಜು ಬೇಕು? ಇಲ್ಲದಿದ್ರೆ ಮಂಗಳೂರು ಉಂಟು, ನನ್ಸ್‌ಗಳ ಹಾಸ್ಟೆಲ್ ಉಂಟು."

"ಡ್ಯಾಡಿ, ನಾನೆಂತ ತಪ್ಪು ಮಾಡಿದೆ ಅಂತ ಹೇಳಿ."

"ಜನರ ಎದುರು ಮರ್ಯಾದೆ ತೆಗೆದದ್ದು ಸಾಕಾಗುದಿಲ್ವಾ?"

"ಆಗಸ್ಟ್ ಕೊನೆಗೆ ನಾನು ಅಲ್ಲಿ ಇಲ್ಲದಿದ್ರೆ ಸ್ಕಾಲರ್‌ಶಿಪ್ ಹೋಗ್ತದೆ. ಒಮ್ಮೆ ಹೋದ್ರೆ ವಾಪಸ್ ಸಿಗುದಿಲ್ಲ. ಕಾರಣ ಹೇಳಿ ಡ್ಯಾಡಿ. ಸರಿಯಾದ ಒಂದು ಕಾರಣ ಹೇಳಿ, ನಾನು ಹೋಗುದಿಲ್ಲ."

"ನಾನು ನಿನ್ನ ಅಪ್ಪ. ಅದೇ ಕಾರಣ."

ಮರುವಾರ ಮೊದಲ ಬಸ್ಸಿಗೆ ಹೊರಡುವಾಗ ಅವನು ಕಪಾಟಿನಿಂದ ಮಗಳ ಪಾಸ್‌ಪೋರ್ಟ್ ತೆಗೆದು ಊಟದ ಚೀಲದೊಳಗೆ ಹಾಕಿಕೊಂಡ. ಅಪೊಲಿನ್ ಟಿಫಿನ್ ಡಬ್ಬಿ ಮುಚ್ಚುತ್ತಿದ್ದಳು.

"ಅದು ಎಲ್ಲಿಗೆ?"

"ಫ್ಯಾಕ್ಟರಿಯ ನನ್ನ ಲಾಕರಿನಲ್ಲಿ ಇರ್ಲಿ. ಇಲ್ಲಿದ್ರೆ ಹುಡುಗಿಯ ತಲೆಯಲ್ಲಿ ಏನೇನೋ ಓಡ್ತದೆ."

ಬೇಡ ಎಂಬ ಮಾತು ಅಪೊಲಿನ್‌ನ ಗಂಟಲವರೆಗೆ ಬಂತು. ಅವಳು ಡಬ್ಬಿ ಕೊಟ್ಟಳು. ಆ ಇಡೀ ದಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವಾಗಲೂ ಬಿ.ಪಿ. ನೋಡುವಾಗಲೂ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಯುಸ್ಟೇಸ್ ಬಯಸಿದ ಶಾಂತಿ ಮನೆಗೆ ಬಂತು. ನತಾಶಾ ಊಟಕ್ಕೆ ಬರುತ್ತಿದ್ದಳು, ತಿನ್ನುತ್ತಿದ್ದಳು, ಬಟ್ಟಲು ತೊಳೆದು ಕೋಣೆಗೆ ಹೋಗುತ್ತಿದ್ದಳು. "ಸಾರಿಗೆ ಉಪ್ಪು ಸರಿ ಉಂಟಾ?" "ಉಂಟು." "ಇನ್ನೊಂದು ತುಂಡು ಮೀನು?" "ಬೇಡ." ಸೆವ್ರಿನ್ ಬಾಯಿ ಬೈಬಲ್ ಮುಚ್ಚಿಟ್ಟರು. ತನ್ನಿಂದಾಗಿಯೇ ಹುಡುಗಿಯ ಓದು ನಿಂತಿತು ಎಂದು ಅವರ ಸಂಕಟ. ಮಂಡಿನೋವು ಮರಳಿತು. ಅಪೊಲಿನ್ ಎಣ್ಣೆ ಬಿಸಿಮಾಡಿ ಹಚ್ಚಲು ಕುಳಿತರೆ ಗೋಡೆ ನೋಡುತ್ತ, "ನನಗೆ ಬಾಯಿ ಮುಚ್ಚಿಕೊಂಡು ಕೂತು ಅಭ್ಯಾಸ ಇತ್ತು ಅಪೊಲಿನ್, ನಡುವೆ ಯಾಕೆ ತೆರೆದೆನೋ" ಎನ್ನುತ್ತಿದ್ದರು. ಅಪೊಲಿನ್ ಇನ್ನಷ್ಟು ಎಣ್ಣೆ ಹಾಕಿ ಉಜ್ಜುತ್ತಿದ್ದಳು.

ಆಗಸ್ಟಿನಲ್ಲಿ ಒಂದು ಸಂಜೆ ನತಾಶಾ ಲ್ಯಾಪ್‌ಟಾಪ್ ತಂದು ತಾಯಿಯ ಮುಂದಿಟ್ಟಳು. ಕಾ‌ಲೇಜಿನಿಂದ ಬಂದ ಮೇಲ್: ಬರುತ್ತೀಯೋ ಇಲ್ಲವೋ ಈ ವಾರದೊಳಗೆ ತಿಳಿಸು.

"ಎಂತ ಬರಿಲಿ ಮಮ್ಮಿ?"

"ಪಾಸ್‌ಪೋರ್ಟ್ ಡ್ಯಾಡಿಯ ಲಾಕರಿನಲ್ಲುಂಟು. ಅವರ ಹತ್ರ ಮಾತಾಡ್ತೇನೆ."

"ನೀವು ಮಾತಾಡುದಿಲ್ಲ ಮಮ್ಮಿ" ಎಂದಳು ನತಾಶಾ. ಕೋಪ ಇರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಅದು ಹೆಚ್ಚು ಚುಚ್ಚಿತು. ದಿವಾನದ ಮೇಲೆ ಮಲಗಿದ್ದ ಸೆವ್ರಿನ್ ಬಾಯಿ ಈ ಕಡೆ ಹೊರಳಿದರು.

ವಾರದ ರಜೆಯಾದ ಆ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕುಳಿತಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಹೀರೇಕಾಯಿ ಪಲ್ಯ. ಸೆವ್ರಿನ್ ಬಾಯಿ ಅನ್ನಕ್ಕೆ ಕೈ ಹಾಕಲಿಲ್ಲ.

"ಯುಸ್ಟೇಸ್, ನನಗೊಂದು ಕೇಳ್ಲಿಕ್ಕುಂಟು."

"ಊಟ ಮಾಡಿ ಮಾಂಯ್."

"ಕೇಳಿ ಊಟ ಮಾಡ್ತೇನೆ. ನಿನ್ನ ಅಪ್ಪ ತೀರಿಹೋದಾಗ ನೀನು ಮಣ್ಣಿಗೆ ಯಾಕೆ ಬರ್ಲಿಲ್ಲ?"

ಯುಸ್ಟೇಸ್ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಬಿಟ್ಟ. ಅಪೊಲಿನ್ ಮದುವೆಯಾಗಿ ಆ ಮನೆ ಸೇರುವುದಕ್ಕೂ ಮುಂಚಿನ ಸಂಗತಿ ಅದು. ಬರಲಾಗಲಿಲ್ಲ ಎಂದಷ್ಟೇ ಅವಳಿಗೂ ಗೊತ್ತು. ಯಾಕೆ ಎಂದು ಅವನು ಹೇಳಿದ್ದಿಲ್ಲ, ಅವಳು ಕೇಳಿದ್ದೂ ಇಲ್ಲ.

"ನಿಮಗೆ ಗೊತ್ತುಂಟಲ್ಲ."

"ನನಗೆ ಗೊತ್ತುಂಟು. ನಿನ್ನ ಮಕ್ಕಳಿಗೆ ಗೊತ್ತಿಲ್ಲ. ಹೇಳು."

"ಆಗ ಸಣ್ಣ ಕಂಪೆನಿಯಲ್ಲಿದ್ದೆ. ಪಾಸ್‌ಪೋರ್ಟ್ ಮುದೀರನ ಹತ್ರ ಇತ್ತು, ಮ್ಯಾನೇಜರನ ಹತ್ರ. ಎಲ್ಲರದ್ದೂ ಅವನ ಹತ್ರವೇ."

"ಕೇಳ್ಲಿಲ್ವಾ ನೀನು?"

"ಕಾಲು ಹಿಡಿದೆ ಮಾಂಯ್."

"ಯಾಕೆ ಕೊಡ್ಲಿಲ್ಲ ಅವನು?"

"ಊರಿಗೆ ಹೋದ್ರೆ ವಾಪಸ್ ಬರುದಿಲ್ಲ ಅಂತ."

"ಎರಡು ದಿವಸ ಐಸಿನಲ್ಲಿ ಇಟ್ಟೆವು ಅವರನ್ನು. ಇನ್ನೂ ಕಾಯುದಾ ಅಂತ ಪಾದ್ರಿಗಳು ಎರಡು ಸಲ ಹೇಳಿ ಕಳಿಸಿದ್ರು. ಫೋನಿನಲ್ಲಿ ನೀನು ಆ ಮನುಷ್ಯನಿಗೆ ಎಂತ ಶಾಪ ಹಾಕಿದ್ದಿ, ನೆನಪುಂಟಾ? ನಾನು ಹೇಳುದಿಲ್ಲ, ಊಟದ ಹೊತ್ತು." ಸೆವ್ರಿನ್ ಬಾಯಿಯ ಸ್ವರ ಏರಲಿಲ್ಲ, ನಡುಗಲಿಲ್ಲ. "ಈಗ ಹೇಳು. ಈ ಹುಡುಗಿಯ ಪಾಸ್‌ಪೋರ್ಟ್ ಯಾಕೆ ಇಟ್ಟುಕೊಂಡಿದ್ದಿ?"

"ಮಾಂಯ್, ಅವನು ಮುದೀರ. ನಾನು ಅಪ್ಪ!"

"ಆಯ್ತು. ಅವನ ಕಾರಣ ಹೇಳಿದ್ದಿ. ನಿನ್ನ ಕಾರಣ ಹೇಳು."

ಯುಸ್ಟೇಸ್ ಬಾಯಿ ತೆರೆದ. ಮರ್ಯಾದೆ, ವಾರ್ಡು, ಎಡ್ಮಂಡ್ ಎಂದೆಲ್ಲ ಹೇಳಲು ಹೊರಟವನು ಎದುರಿಗೆ ಕುಳಿತ ಮಗಳ ಮುಖ ನೋಡಿದ. ಹೇಳಿದ್ದು ಬೇರೆಯೇ.

"ಅವಳು ಸಹ ವಾಪಸ್ ಬರುದಿಲ್ಲ ಅಂತ ಹೆದರಿಕೆ ನನಗೆ. ಬಂದ್ರೂ ನಮ್ಮವಳಾಗಿ ಬರುದಿಲ್ಲ ಅಂತ."

ತಾನು ಆಡಿದ್ದು ಯಾರ ಮಾತು ಎಂಬುದು ಯುಸ್ಟೇಸನಿಗೆ ಒಂದು ಕ್ಷಣ ತಡವಾಗಿ ತಿಳಿಯಿತು. ಅವನು ಎಡಗೈಯಿಂದ ಕಣ್ಣು ಒತ್ತಿಕೊಂಡ. ಆ ದೊಡ್ಡ ಮೈಯ ಮನುಷ್ಯ ಮಕ್ಕಳ ಎದುರು ಅಳುವುದನ್ನು ಅಪೊಲಿನ್ ಅದೇ ಮೊದಲು ನೋಡಿದ್ದು.

"ಬರ್ತೇನೆ ಡ್ಯಾಡಿ" ಎಂದಳು ನತಾಶಾ. "ಬಂದು ಜಗಳ ಮಾಡ್ತೇನೆ. ಆದ್ರೆ ಬರ್ತೇನೆ."

ಮರುದಿನ ಸಂಜೆ ಬಸ್ಸಿನಿಂದ ಇಳಿದು ಬಂದ ಯುಸ್ಟೇಸ್ ಬೂಟು ಕೂಡ ಬಿಚ್ಚದೆ ಪಾಸ್‌ಪೋರ್ಟನ್ನು ತಾಯಿಯ ಕೈಗೆ ಕೊಟ್ಟ. ಅವರು ಅದನ್ನು ಮೊಮ್ಮಗಳಿಗೆ ಕೊಟ್ಟು, "ಹೋಗು. ಮೇಲ್ ಬರಿ" ಎಂದರು.

ನತಾಶಾ ಹೊರಟ ದಿನ ಯುಸ್ಟೇಸನೇ ಏರ್‌ಪೋರ್ಟಿಗೆ ಕಾರು ಓಡಿಸಿದ. ದಾರಿಯುದ್ದಕ್ಕೂ ಅಪ್ಪ ಮಗಳು ಯಾವುದೋ ವಿಷಯಕ್ಕೆ ವಾದ ಮಾಡಿದರಂತೆ. ಯಾವ ವಿಷಯ ಎಂದು ಅವನು ಬಾಯಿಬಿಡಲಿಲ್ಲ, ಸೋತಿರಬೇಕು.

ಮನೆ ಖಾಲಿಯಾದದ್ದು ಸೆವ್ರಿನ್ ಬಾಯಿಗೆ. ಮೊಮ್ಮಗಳು ಭಾನುವಾರ ಫೋನ್ ಮಾಡುತ್ತಿದ್ದಳು, ಆದರೆ ಫೋನಿನಲ್ಲಿ ಮೇಜು ಬಡಿಯುವ ಸುಖ ಎಲ್ಲಿ? ಒಂದು ಸಂಜೆ ಅವರು ರಿಯಾನ್‌ನನ್ನು ಕೂರಿಸಿಕೊಂಡು ಒಂದು ಅಧ್ಯಾಯ ಓದಿ ತಮ್ಮ ಅಭಿಪ್ರಾಯ ಹೇಳಿದರು. "ಹೌದು ಮಾಂಯ್, ನೀವು ಹೇಳುದೇ ಸರಿ" ಎಂದ ಹುಡುಗ, ತುಂಬ ಪ್ರೀತಿಯಿಂದ. ಯುಸ್ಟೇಸನೂ ಈಗ ತಾಯಿ ಹೇಳಿದ್ದಕ್ಕೆಲ್ಲ ಹೌದು ಎನ್ನುತ್ತಿದ್ದ. ಅವನಿಗೆ ಇನ್ನೂ ಆ ಶುಕ್ರವಾರದ ನಾಚಿಕೆ. ಎಲ್ಲರೂ ಒಪ್ಪುತ್ತಾರೆ, ಯಾರೂ ಜಗಳಕ್ಕೆ ಬರುವುದಿಲ್ಲ. ಸೆವ್ರಿನ್ ಬಾಯಿ ಮತ್ತೆ ಮೊದಲಿನ ಹಾಗೆ ಒಂದೇ ರಾಗದಲ್ಲಿ ಓದತೊಡಗಿದರು. ಓದುತ್ತ ಓದುತ್ತ ಕಣ್ಣು ಒರೆಸಿಕೊಳ್ಳುವುದನ್ನು ಅಪೊಲಿನ್ ಅಡುಗೆಮನೆಯಿಂದ ಕಂಡಳು. ಗೆದ್ದು ಕಳೆದುಕೊಂಡವರು ಅವರು, ಗೊತ್ತಿದ್ದೇ ಗೆದ್ದವರು.

ಆ ದಿನ ಓದುತ್ತಿದ್ದದ್ದು ಮಾರ್ತಾ ಮತ್ತು ಮರಿಯ ಎಂಬ ಅಕ್ಕತಂಗಿಯರ ಭಾಗ. ಜೇಸು ಮನೆಗೆ ಬಂದಾಗ ಮರಿಯ ಅವರ ಕಾಲ ಬಳಿ ಮಾತು ಕೇಳುತ್ತ ಕೂರುತ್ತಾಳೆ, ಮಾರ್ತಾ ಒಬ್ಬಳೇ ಅಡುಗೆ ಉಪಚಾರ ಎಂದು ಒದ್ದಾಡುತ್ತಾಳೆ. ತಂಗಿಯನ್ನು ಸಹಾಯಕ್ಕೆ ಕಳಿಸಿ ಎಂದು ಕೇಳಿದರೆ, ಮರಿಯ ಒಳ್ಳೆಯ ಭಾಗವನ್ನು ಆರಿಸಿಕೊಂಡಿದ್ದಾಳೆ ಎಂದು ಜೇಸು ಹೇಳುತ್ತಾರೆ.

"ಕೂತು ಕೇಳಿದವಳೇ ದೊಡ್ಡವಳು" ಎಂದು ಸೆವ್ರಿನ್ ಬಾಯಿ ತಮಗೆ ತಾವೇ ಹೇಳಿಕೊಂಡು ಪುಟ ತಿರುಗಿಸಲು ಹೋದರು.

"ಅಲ್ಲ ಮಾಂಯ್" ಎಂದಳು ಅಪೊಲಿನ್.

ಸೌಟು ಹಿಡಿದೇ ಅವಳು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಅವಳು ಹೇಳಿದ ಮೊದಲ 'ಅಲ್ಲ' ಅದು.

"ಎಂತ ಹೇಳಿದ್ದಿ?"

"ಅಲ್ಲ ಅಂತ ಹೇಳಿದೆ. ಮಾರ್ತಾಳೂ ಕೂತಿದ್ರೆ ಅವತ್ತು ಸ್ವಾಮಿಗೆ ಅನ್ನ ಯಾರು ಹಾಕ್ತಿದ್ರು? ಅವಳಿಗೆ ಮಾತು ಕೇಳುವ ಆಸೆ ಇರ್ಲಿಲ್ವಾ? ನನಗೆ ಅವರು ಹೇಳಿದ್ದು ಸರಿ ಕಾಣುದಿಲ್ಲ. ಎಷ್ಟೋ ವರ್ಷದಿಂದ ಸರಿ ಕಾಣುದಿಲ್ಲ."

ಸೆವ್ರಿನ್ ಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ದಿವಾನದ ಹಿಡಿಕೆಯನ್ನು ಫಟ್ಟೆಂದು ಬಡಿದರು.

"ಹಾಗಾದ್ರೆ ಅವಳು ಯಾಕೆ ಸ್ವಾಮಿಯ ಹತ್ರ ದೂರು ಕೊಟ್ಲು? ನೇರ ತಂಗಿಯ ಹತ್ರವೇ ಹೇಳ್ಬಹುದಿತ್ತಲ್ಲ? ಬಾ ಇಲ್ಲಿ. ಕುತ್ಕೊ. ಉತ್ತರ ಹೇಳು."

"ಸಾರು ಒಲೆಯಲ್ಲುಂಟು ಮಾಂಯ್."

"ಸಾರು ಇರ್ಲಿ!"

ಅಪೊಲಿನ್ ಗ್ಯಾಸ್ ಆರಿಸಿದಳು, ಕೈ ಒರೆಸಿಕೊಂಡಳು, ಹೋಗಿ ಅತ್ತೆಯ ಎದುರಿಗೆ ಕುಳಿತಳು.